ಬೆಲ್ಟಿನದೋ, ಹೊಗೆಯದೋ

ಮಾವನ ಕಾರು ಉಪ್ಪುಂದದ ಮನೆಗೆ ಬಂದ ದಿನ ಅಂಗಳದಲ್ಲಿ ಸೇರಿದವರೆಲ್ಲ ಮೊದಲು ಹುಡುಕಿದ್ದು ಅದರ ತಲೆಯ ಮೇಲಿನ ಮಾಡನ್ನು. ಇದ್ದ ಕ್ಯಾನ್ವಾಸಿನ ಮಾಡು ಬೊಂಬಾಯಿಯಲ್ಲೇ ಹರಿದು ಹೋಗಿತ್ತು. ಹಿಂದಿನ ಸೀಟಂತೂ ಮೊದಲೇ ಇರಲಿಲ್ಲ. ಇಬ್ಬರೇ ಕೂರಬಹುದಾದ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿನ, ಕೆಂಪು ಬಣ್ಣದ ವಿಲಾಯತಿ ಕಾರು. ಓಟಕ್ಕೆಂದೇ ಮಾಡಿದ್ದಂತೆ. ದಾರಿಯ ಹೊಳೆಗಳನ್ನೆಲ್ಲ ಜೋಡಿದೋಣಿಯ ಜಂಗಲಿನ ಮೇಲೆ ದಾಟಿಸಿ ಮಾವ ಅದನ್ನು ಊರಿಗೆ ತಂದಿದ್ದರು. ಅಮ್ಮ ಅದಕ್ಕೊಂದು ಸುತ್ತು ಬಂದು, "ಮಳಿ ಬಂದ್ರೆ ಎಂತ ಮಾಡುದ್?" ಎಂದು ಕೇಳಿದಳು. ಇಡೀ ಅಂಗಳದಲ್ಲಿ ಬುದ್ಧಿಯ ಮಾತು ಅದೊಂದೇ ಆಗಿತ್ತು.

ಮಾವ ಎಂದರೆ ಅಮ್ಮನ ಅಣ್ಣ, ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಗೆದ್ದು, ರಜೆಗೂ ಕಂಬಳಕ್ಕೂ ಊರಿಗೆ ಬಂದು ಹೋಗುತ್ತಿದ್ದು, ವಯಸ್ಸು ಐವತ್ತು ದಾಟುವಾಗ ಪೂರ್ತಿ ಮರಳಿದವರು. ನಮ್ಮದು ಅಳಿಯಸಂತಾನದ ಮನೆ. ಮನೆ, ಗದ್ದೆ, ಯಜಮಾನಿಕೆ ಎಲ್ಲ ಹೆಣ್ಣಿನ ಕಡೆಯಿಂದ ಇಳಿಯುತ್ತವೆ. ಯಜಮಾನರಾದ ಮಾವನ ನಂತರ ಆ ಜಾಗ ಅವರ ಮಗನಿಗಲ್ಲ, ತಂಗಿಯ ಮಗನಾದ ನನಗೆ. ಐವತ್ತಾರನೇ ಇಸವಿಯಲ್ಲಿ ಮಕ್ಕಳಿಗೂ ಪಾಲು ಕೊಡುವ ಹೊಸ ಕಾನೂನು ಬಂತೆಂದು ಕುಂದಾಪುರದ ವಕೀಲರು ಹೇಳುತ್ತಿದ್ದರು. ಆ ಸುದ್ದಿ ನಮ್ಮ ಚಾವಡಿಯವರೆಗೆ ಬಂದಿತ್ತು, ಒಳಗೆ ಬಂದಿರಲಿಲ್ಲ.

ಮಾವನ ಹೆಂಡತಿ, ಅಂದರೆ ನನ್ನ ಅತ್ತೆ, ಬ್ರಹ್ಮಾವರದ ತನ್ನ ತವರುಮನೆಯಲ್ಲೇ ಇದ್ದರು. ಅವರ ಒಬ್ಬನೇ ಮಗ ನನಗಿಂತ ಸ್ವಲ್ಪ ದೊಡ್ಡವನು, ನಾನು ಭಾವ ಎನ್ನುತ್ತಿದ್ದೆ. ರಜೆ ಬಂದರೆ ಬಸ್ಸು ಹತ್ತಿ ಅಪ್ಪನನ್ನು ನೋಡಲು ಉಪ್ಪುಂದಕ್ಕೆ ಬರುತ್ತಿದ್ದ. ಬಂದ ಕೂಡಲೇ ಅಮ್ಮ ಅವನಿಗೆ ನೀರು ಬೆಲ್ಲ ಕೊಡುತ್ತಿದ್ದಳು. ಹೊರಗಿನಿಂದ ಬಂದ ನೆಂಟರಿಗೆ ಕೊಡುವಂಥದ್ದು ಅದು. ಅಪ್ಪನ ಮನೆಯಲ್ಲಿ ಮಗ ನೆಂಟ, ಅಳಿಯ ಮನೆಯವನು. ಚಿಕ್ಕಂದಿನಲ್ಲಿ ಇದು ನನಗೆ ವಿಚಿತ್ರ ಎಂದೇ ಅನಿಸಿರಲಿಲ್ಲ. ಅನಿಸತೊಡಗಿದ ಮೇಲೆ ಬಿಟ್ಟು ಹೋಗಲಿಲ್ಲ.

ಕಾರು ಬರುವ ಮೊದಲು ನಮ್ಮಲ್ಲಿ ಕಂಬಳದ ಕೋಣಗಳಿದ್ದವು. ಕೋಣಗಳನ್ನು ಗದ್ದೆಗೆ ಇಳಿಸುವ ಮುನ್ನ ನೊಗವನ್ನು ಚಾವಡಿಗೆ ತರಬೇಕು. ಮೊದಲು ಮಾವ ಮುಟ್ಟಬೇಕು, ಆಮೇಲೆ ಮುಂದೆ ಯಜಮಾನನಾಗುವ ನಾನು. ಮುಟ್ಟಿ ಕೊಡದ ನೊಗವನ್ನು ಕೋಣಗಳ ಹೆಗಲಿಗೆ ಇಡುವಂತಿಲ್ಲ. ಮೊದಲ ಸಲ ನನಗೆ ಅದನ್ನು ಎತ್ತುವ ತ್ರಾಣವೂ ಇರಲಿಲ್ಲ, ಅಮ್ಮನ ಸೊಂಟದ ಮೇಲೆ ಕೂತೇ ಕೈ ಚಾಚಿ ಮುಟ್ಟಿದ್ದೆನಂತೆ. ನಾವು ಸ್ವಲ್ಪ ಬೆಳೆದ ಮೇಲೆ, ರಜೆಯುದ್ದಕ್ಕೂ ಆ ಕೋಣಗಳಿಗೆ ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ಮೈ ತೊಳೆಯುತ್ತಿದ್ದವನು ಭಾವ. ನಾನು ಮುಟ್ಟಿ ಕೊಟ್ಟ ನೊಗವನ್ನು ಅವನು ಹೊತ್ತುಕೊಂಡು ಗದ್ದೆಗೆ ಹೋಗುತ್ತಿದ್ದ. ಕೋಣಗಳು ನನ್ನನ್ನು ಕಂಡರೆ ಬುಸುಗುಡುತ್ತಿದ್ದವು. ಅವಕ್ಕೆ ಸತ್ಯ ಗೊತ್ತಿತ್ತು ಎಂದು ಈಗ ತಮಾಷೆ ಮಾಡುತ್ತೇನೆ, ಆಗ ಹೆದರಿ ಓಡುತ್ತಿದ್ದೆ.

ಕೋಣಗಳನ್ನು ಮಾರಿದ ಮೇಲೆ ಮಾವನ ಓಟದ ಹುಚ್ಚೆಲ್ಲ ಕಾರಿನ ಮೇಲೆ ತಿರುಗಿತು. ಭಾವ ಅಷ್ಟರಲ್ಲಿ ಕುಂದಾಪುರದ ಒಂದು ಬಸ್ಸು ಗ್ಯಾರೇಜಿನಲ್ಲಿ ಕೆಲಸ ಕಲಿತು ಅಲ್ಲೇ ಮೆಕ್ಯಾನಿಕ್ ಆಗಿದ್ದ. ರಜೆಗೊಮ್ಮೆ ಬರುತ್ತಿದ್ದವನು ಈಗ ಭಾನುವಾರಕ್ಕೊಮ್ಮೆ ಬರತೊಡಗಿದ. ಗಾಡಿ ಕೊಟ್ಟಿಗೆಯಲ್ಲಿ ಕಾರಿನ ಬಾನೆಟ್ಟು ಎತ್ತಿ, ಅಪ್ಪ ಮಗ ಇಬ್ಬರೂ ಎಂಜಿನ್ನಿಗೆ ತಲೆ ಬಗ್ಗಿಸಿ ನಿಂತರೆಂದರೆ ಅಮ್ಮ ಊಟಕ್ಕೆ ಮತ್ತೆ ಮತ್ತೆ ಕರೆಯಬೇಕಾಗುತ್ತಿತ್ತು. ಚಾವಡಿಯಲ್ಲಿ ಅವರಿಬ್ಬರು ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ. ಕೊಟ್ಟಿಗೆಯಲ್ಲಿ ಮಾವ ನಗುತ್ತಿದ್ದರು, ಮಗನ ಹೆಗಲಿಗೆ ಕೈ ಹಾಕುತ್ತಿದ್ದರು. ಕಾರು ಮಾವ ಸ್ವಂತ ದುಡಿದು ತಂದದ್ದು, ಕುಟುಂಬದ್ದಲ್ಲ. ಆ ಮನೆಯಲ್ಲಿ ಅಪ್ಪ ಮಗನಿಗೆ ಎಲ್ಲರೆದುರು ಕೊಡಬಹುದಾದದ್ದು ಅದೊಂದೇ. ಭಾವ ಬಾಯಿಬಿಟ್ಟು ಕೇಳಿದವನಲ್ಲ, ಆದರೆ ಅವನು ಅದನ್ನೇ ಕಾಯುತ್ತಿದ್ದ ಎಂದು ನನಗೂ ಗೊತ್ತಿತ್ತು.

ಹೀಗಿರುವಾಗ ಮಾವನ ಬೊಂಬಾಯಿಯ ಹಳೆಯ ಗೆಳೆಯರೊಬ್ಬರು ಒಂದು ಪಂಥ ಕಟ್ಟಿದರು. ಅವರೂ ಹೋಟೆಲಿನವರೇ. ಅವರ ಬಳಿ ಆರು ಸಿಲಿಂಡರಿನ ಭಾರೀ ಅಮೆರಿಕನ್ ಕಾರಿತ್ತು. ಬೇಸಗೆಯಲ್ಲಿ ಕೊಲ್ಲೂರಿಗೆ ಹರಕೆ ತೀರಿಸಲು ಬರುವವರಿದ್ದರು. ಆಗ ತ್ರಾಸಿಯಿಂದ ಮರವಂತೆಯ ತುದಿಯವರೆಗೆ, ಎಡಗಡೆ ಕಡಲು ಬಲಗಡೆ ಹೊಳೆ ಇರುವ ಆ ನೇರ ರಸ್ತೆಯಲ್ಲಿ ಎರಡೂ ಕಾರು ಓಡಲಿ ಎಂದರು. ಮಾವನಿಗೆ ನಿದ್ದೆ ಬರಲಿಲ್ಲ. ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನ್ನಿನಿಂದ ಆರನ್ನು ಸೋಲಿಸುವುದು ಹೇಗೆ?

ಭಾವನ ಹತ್ತಿರ ಉತ್ತರವಿತ್ತು. ಎಂಜಿನ್ನು ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಗೆ ನೂಕಬೇಕು. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು ಉರಿಯುತ್ತದೆ, ಬಲ ಹೆಚ್ಚುತ್ತದೆ. ಹಾಗೆ ನೂಕುವ ಒಂದು ಸೂಪರ್‌ಚಾರ್ಜರ್ ಕಾರಿನ ಹಿಂದಿನ ಮಾಲೀಕರ ಕಾಲದ್ದು, ಕಾರಿನ ಜೊತೆಗೇ ಗೋಣಿಯಲ್ಲಿ ಸುತ್ತಿಕೊಂಡು ಬಂದಿತ್ತು. ಭಾವ ಅದನ್ನು ಬಿಚ್ಚಿ, ತೊಳೆದು, ಕೂರಿಸಲು ಬೇಕಾದ ಕಬ್ಬಿಣದ ಪಟ್ಟಿಗಳನ್ನು ಗ್ಯಾರೇಜಿನಲ್ಲಿ ತಾನೇ ಮಾಡಿ ತಂದಿದ್ದ. ಆದರೆ ಅದೇ ವಾರ ಮಾವ ಭಟ್ಕಳದ ಗುಜರಿಯವನೊಬ್ಬನಿಂದ ಇನ್ನೊಂದನ್ನು ತಂದರು. ಘಟ್ಟದ ಮೇಲೆ ಅಣೆಕಟ್ಟಿನ ಕೆಲಸಕ್ಕಿದ್ದ ಬುಲ್‌ಡೋಜರಿನಿಂದ ಕಳಚಿದ ಟರ್ಬೋ, ಬಸವನಹುಳದ ಚಿಪ್ಪಿನ ಆಕಾರದ್ದು, ಒಂದು ಕಡಾಯಿಯಷ್ಟು ದೊಡ್ಡದು.

ಆ ಭಾನುವಾರ ಊಟವಾದ ಮೇಲೆ ಎರಡನ್ನೂ ಗೋಣಿಯ ಮೇಲಿಟ್ಟು ಚಾವಡಿಗೆ ತಂದರು. ಕೊಟ್ಟಿಗೆಯಲ್ಲೇ ಮುಗಿಯಬೇಕಾಗಿದ್ದ ಮಾತು ಚಾವಡಿಗೆ ಬಂದದ್ದೇ ಕೇಡು. ಮಾವ ಆರಾಮ ಕುರ್ಚಿಯಲ್ಲಿ, ಅಮ್ಮ ಬಾಗಿಲಿಗೆ ಒರಗಿ, ನಾನು ಮಣೆಯ ಮೇಲೆ. ಉಡುಪಿಯ ಕಾಲೇಜಿನಲ್ಲಿ ಲೆಕ್ಕಪತ್ರ ಓದುತ್ತಿದ್ದ ನಾನು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಸ್ಪ್ಯಾನರು ಹಿಡಿದರೆ ಬೆರಳು ಜಜ್ಜಿಕೊಳ್ಳುವ ಪೈಕಿ.

ಭಾವ ಸೂಪರ್‌ಚಾರ್ಜರಿನ ಮೇಲೆ ಕೈಯಿಟ್ಟು ಹೇಳಿದ: "ಇದ್ ಬೆಲ್ಟಿಂದ್. ಎಂಜಿನ್ ತಿರ್ಗಿರೆ ಇದೂ ತಿರ್ಗತ್ತ್. ಕಾಲ್ ಇಟ್ಟ್ ಕೂಡ್ಲೆ ಗಾಳಿ ನೂಕತ್ತ್. ಎಂಜಿನ್ನಿನ ಬಲ ಸ್ವಲ್ಪ ತಾನೇ ತಿಂತತ್ತ್, ಅದ್ ಸುಳ್ಳಲ್ಲ. ಆರೆ ಕೊಡುಕೆ ತಡ ಮಾಡ್ತಿಲ್ಲೆ."

ಮಾವ ಟರ್ಬೋದ ಕಡೆ ಗಲ್ಲ ತೋರಿಸಿ, "ಅದ್?" ಎಂದರು.

"ಅದ್ ಹೊಗಿದ್ದ್. ಸೈಲೆನ್ಸರಿಗೆ ಹೋಪ ಹೊಗಿ ಒಂದ್ ಚಕ್ರ ತಿರ್ಗಿಸತ್ತ್, ಆ ಚಕ್ರದಿಂದ ಇನ್ನೊಂದ್ ತಿರ್ಗಿ ಗಾಳಿ ನೂಕತ್ತ್. ಉಪಾಯ ಲಾಯ್ಕಿತ್ತ್. ಆರೆ ಇದ್ ಮಣ್ಣ್ ನೂಕು ರಾಕ್ಷಸನ ಎಂಜಿನ್ನಿಂದ್. ನಮ್ಮ ನಾಲ್ಕ್ ಸಿಲಿಂಡರಿನ ಹೊಗಿ ಇದ್ಕೆ ಸಾಕಾತಿಲ್ಲೆ. ತಿರ್ಗುಕೇ ಹೊತ್ತ್ ಮಾಡತ್ತ್. ತಿರ್ಗುಕೆ ಸುರು ಮಾಡಿರೆ ಮತ್ತೆ ಹಿಡ್ತ ಇಲ್ಲೆ. ಬೇಡ ಅಪ್ಪಯ್ಯ."

ಮಾವ ಗಡ್ಡ ಕೆರೆದುಕೊಂಡರು. ಅವರ ಮನಸ್ಸು ಎಲ್ಲಿದೆ ಎಂದು ನನಗೆ ಗೊತ್ತಾಗಿತ್ತು. ಬೆಳಗ್ಗೆ ಉಳಿದ ಇಡ್ಲಿಯನ್ನು ಸಂಜೆಗೆ ಉಪ್ಪಿಟ್ಟು ಮಾಡಿ, ಹಾಲಿನ ಪಾತ್ರೆ ತೊಳೆದ ನೀರನ್ನೂ ಚಹಾಕ್ಕೆ ಸೇರಿಸಿ ಹೋಟೆಲು ಎಬ್ಬಿಸಿದ ಮನುಷ್ಯ. ಎಂಜಿನ್ನಿನ ಬಲವನ್ನೇ ತಿನ್ನುವ ಯಂತ್ರ ಅವರಿಗೆ ಸಂಬಳ ಮುಂಗಡ ಕೇಳುವ ಆಳಿನ ಹಾಗೆ ಕಂಡಿರಬೇಕು. ಹಾಳಾಗಿ ಹೋಗುವ ಹೊಗೆಯಿಂದ ಬಿಟ್ಟಿ ಕೆಲಸ ಮಾಡಿಸುವುದು ಎಂದರೆ ಅವರಿಗೆ ಸ್ವರ್ಗ. ಆದರೆ ಮಗನ ಮಾತನ್ನು ತೆಗೆದುಹಾಕಲೂ ಆಗುತ್ತಿರಲಿಲ್ಲ, ಎತ್ತಿ ಹಿಡಿಯಲು ಅದು ಕೊಟ್ಟಿಗೆಯೂ ಆಗಿರಲಿಲ್ಲ. ಬಾಗಿಲಲ್ಲಿ ಅವರ ತಂಗಿ, ನನ್ನ ಅಮ್ಮ, ನೋಡುತ್ತ ನಿಂತಿದ್ದಳು. ಮಾವ ನನ್ನತ್ತ ತಿರುಗಿದರು.

"ಅಳಿಯ, ನೀ ಹೇಳ್. ಯಾವ್ದ್ ಕೂರ್ಸುದ್?"

ಭಾವನೂ ನನ್ನನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಮೇಲೆ ಭರವಸೆಯಿತ್ತು. ಈಗಷ್ಟೇ ಎಲ್ಲವನ್ನೂ ಬಿಡಿಸಿ ಹೇಳಿದ್ದಾನೆ, ಇವನಿಗೆ ಅರ್ಥವಾಗದೆ ಇರುತ್ತದೆಯೇ ಎಂಬ ಭರವಸೆ. ಅರ್ಥವಾಗಿತ್ತು. ಅದೇ ತೊಂದರೆ. ಅವನು ಹೇಳಿದ್ದನ್ನೇ ನಾನೂ ಹೇಳಿದರೆ ನನ್ನನ್ನು ಕೇಳಿದ್ದಕ್ಕೆ ಬೆಲೆ ಏನು ಎಂದು ಆ ಕ್ಷಣದಲ್ಲಿ ಅನಿಸಿತು. ಕಾಲೇಜಿನ ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ತಿರುವುವಾಗ, ಮುಂದಿನ ಕಾಲ ಟರ್ಬೋದ್ದೇ ಎಂದು ಓದಿದ ನೆನಪೂ ಇತ್ತು. ಗಂಟಲು ಸರಿಮಾಡಿಕೊಂಡು, "ಹೊಗಿದ್ದೇ ಆಯ್ಲಿ ಮಾವ," ಎಂದೆ.

ಮಾವನ ಮುಖ ಅರಳಿತು. "ಹಾಂಗಾರೆ ಮುಟ್ಟಿ ಕೊಡ್," ಎಂದರು. ನೊಗಕ್ಕೆ ಮಾಡುತ್ತಿದ್ದ ಹಾಗೆ ತಾವು ಮೊದಲು ಆ ಟರ್ಬೋವನ್ನು ಮುಟ್ಟಿ ನಮಸ್ಕರಿಸಿದರು, ಆಮೇಲೆ ನಾನು. ಭಾವ "ಆಯ್ಲಿ" ಎಂದಷ್ಟೇ ಹೇಳಿ ಅದನ್ನು ಎತ್ತಿಕೊಂಡು ಕೊಟ್ಟಿಗೆಗೆ ನಡೆದ. ಸೂಪರ್‌ಚಾರ್ಜರನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲಿಟ್ಟದ್ದೂ ಅವನೇ.

ಅವನು ಬೇಕೆಂದೇ ಕೆಲಸ ಕೆಡಿಸಿದ್ದರೆ ನಾನು ಇವತ್ತು ಹಾಯಾಗಿ ಇರುತ್ತಿದ್ದೆ. ಅವನು ಹಾಗೆ ಮಾಡಲಿಲ್ಲ. ತಾನು ಬೇಡವೆಂದ ಯಂತ್ರವನ್ನು ಆ ಎಂಜಿನ್ನಿಗೆ ಒಗ್ಗಿಸಲು ಭಾನುವಾರಗಳನ್ನೆಲ್ಲ ಸುರಿದ. ಹೊಗೆಯ ಪೈಪನ್ನು ಕಿರಿದು ಮಾಡಿದರೆ ಚಕ್ರ ಬೇಗ ತಿರುಗೀತೆಂದು ಕುಂದಾಪುರದಲ್ಲಿ ತಾನೇ ಬೆಸುಗೆ ಹಾಕಿ ತಂದ. ಎಂಜಿನ್ನಿನ ಒತ್ತಡ ಇಳಿಸಲು ದಪ್ಪ ಗ್ಯಾಸ್ಕೆಟ್ಟು ಕತ್ತರಿಸಿ ಹಾಕಿದ. ನಾನು ಮನೆಗೆ ಬಂದಾಗಲೆಲ್ಲ ಕೊಟ್ಟಿಗೆಯ ಕಡೆ ಹೋಗದೆ ಹಿತ್ತಲ ಬಾಗಿಲಿನಿಂದ ಒಳಗೆ ನುಸುಳುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ. ಬೆಸುಗೆಯ ಬಿಸಿಗೆ ಅವನ ಮುಂಗೈ ಬೊಬ್ಬೆ ಎದ್ದಿತ್ತು. "ಕೂಕೊ ಮಾರಾಯ, ಕಾಣ್, ಸ್ವಲ್ಪ ಸಮ ಆತಾ ಇತ್ತ್," ಎಂದ. ಪರೀಕ್ಷೆಗೆ ಓದಲಿಕ್ಕಿದೆ ಎಂದು ಸುಳ್ಳು ಹೇಳಿ ಎದ್ದು ಬಂದೆ.

ಪಂಥದ ದಿನ ನಸುಕಿನಲ್ಲಿ ತ್ರಾಸಿಯಲ್ಲಿ ಎರಡೂ ಕಾರು ನಿಂತವು. ಬಸ್ಸುಗಳು ಶುರುವಾಗುವ ಮೊದಲೇ ಮುಗಿಸಬೇಕಿತ್ತು. ಭಾವ ಓಡಿಸುವವನು. ಮುಂದಿನ ಯಜಮಾನ ಪಕ್ಕದಲ್ಲಿ ಇರಲಿ ಎಂದು ಮಾವ ನನ್ನನ್ನೂ ಕೂರಿಸಿದರು, ಓಟದ ಕಾರಿಗೆ ಅನಗತ್ಯವಾಗಿ ಒಂದು ಅಕ್ಕಿಮೂಟೆಯಷ್ಟು ಭಾರ. ಕರವಸ್ತ್ರ ಬೀಸಿದರು. ಅಮೆರಿಕನ್ ಕಾರು ಗುರುಗುಟ್ಟಿ ಹಾರಿ ಹೋಯಿತು. ಭಾವ ಕಾಲನ್ನು ನೆಲದವರೆಗೆ ಒತ್ತಿದ್ದ, ನಮ್ಮದು ಮಾತ್ರ ಮೇವು ಕರಗದ ಹಸುವಿನ ಹಾಗೆ ನಿಧಾನ ಸಾಗಿತು. ಅವನು ನನ್ನತ್ತ ನೋಡಲಿಲ್ಲ. ಮರವಂತೆಯ ದೇವಸ್ಥಾನ ಹತ್ತಿರವಾಗುವಾಗ ಎಲ್ಲಿಂದಲೋ ಸಿಳ್ಳೆಯಂಥ ಸದ್ದು ಎದ್ದಿತು, ಬೆನ್ನು ಸೀಟಿಗೆ ಅಂಟಿತು, ಮುಂದಿನ ಕಾರು ಒಮ್ಮೆಗೇ ದೊಡ್ಡದಾಗುತ್ತ ಬಂತು. ನಾನು ದೇವರನ್ನು ನೆನೆದದ್ದು ಗೆಲ್ಲಲೆಂದೋ ಬದುಕಲೆಂದೋ ತಿಳಿಯದು. ಅಷ್ಟರಲ್ಲಿ ಬಾನೆಟ್ಟಿನೊಳಗೆ ಟಪ್ಪೆಂದು ಒಡೆದ ಸದ್ದಾಗಿ, ನೀಲಿ ಹೊಗೆ ಮುಖಕ್ಕೆ ಹೊಡೆಯಿತು. ಪಿಸ್ಟನ್ನಿನ ತಲೆ ತೂತಾಗಿತ್ತು.

ನಮ್ಮದರಲ್ಲಿ ಜಾಗವಿಲ್ಲದೆ ಗೆಳೆಯನ ಕಾರು ಹತ್ತಿದ್ದ ಮಾವ ಅದರಲ್ಲೇ ಹಿಂದಿರುಗಿ ಬಂದು ಇಳಿದರು. ಗೆಳೆಯ ಹಲ್ಲು ಕಿಸಿಯುತ್ತಿದ್ದ. ಮಾವ ಮಗನ ಎದುರು ನಿಂತು, "ಎಂತ ಮಾಡಿಟ್ಟಿದೆ ನೀನ್? ಒಂದ್ ಸಾಮಾನ್ ಸಮ ಕೂರ್ಸುಕೆ ಆಯ್ಲ ನಿಂಗೆ?" ಎಂದರು. ಭಾವ ಹಳೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

ನಾನು ಸುಮ್ಮನಿರಲಿಲ್ಲ. ಅಷ್ಟರಮಟ್ಟಿಗಾದರೂ ಸುಮ್ಮನಿರಲಿಲ್ಲ. "ಮಾವ, ಅವ ಬೇಡ ಅಂದಿದ. ಹೊಗಿದ್ದ್ ಅಂದವ ನಾನ್. ತಪ್ಪ್ ನಂದ್," ಎಂದೆ. ಮಾವ ಸೋತ ಸಂಕಟದಲ್ಲೂ ನಕ್ಕುಬಿಟ್ಟರು. "ನಿಂದೆಂತ ತಪ್ಪ್ ಮಾರಾಯ? ಯಜಮಾನ ಆಪವ ಹೇಳುದ್ ಹೇಳ್ತ. ಮಾಡುವವ ಸಮ ಮಾಡ್ಕ್," ಎಂದು ನನ್ನ ಬೆನ್ನು ತಟ್ಟಿದರು. ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಅವಳು ಗಂಜಿ ಬಡಿಸುತ್ತ, "ದೊಡ್ಡೋರ್ ಕೇಂಡ್ರ್, ನೀ ಹೇಳ್ದೆ. ಅದ್ರಗೆ ಎಂತ ಇತ್ತ್?" ಎಂದಳು. ಯಾರಾದರೂ ನನ್ನನ್ನು ಬೈದಿದ್ದರೆ ಸಾಕಿತ್ತು. ಆ ಮನೆಯಲ್ಲಿ ತಪ್ಪು ಮಾಡುವ ಹಕ್ಕೊಂದು ನನಗಿರಲಿಲ್ಲ, ಅದೂ ಭಾವನ ಪಾಲಿಗೆ ಹೋಗಿತ್ತು.

ಭಾವ ಪಿಸ್ಟನ್ನು ಬದಲಿಸಿ, ಟರ್ಬೋ ಕಳಚಿ, ಕಾರನ್ನು ಮೊದಲಿದ್ದಂತೆ ಮಾಡಿಟ್ಟ. ಆಮೇಲೆ ಭಾನುವಾರಗಳಲ್ಲಿ ಬರುವುದು ನಿಂತಿತು. ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮೊದಲು ಬಂದು, ಅಪ್ಪನನ್ನು ಮಾತಾಡಿಸಿ, ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತಿದ್ದು ಹೋಗುತ್ತಿದ್ದ. ಬಸ್ಸಿನ ಗ್ಯಾರೇಜು ಬಿಟ್ಟು ಗಂಗೊಳ್ಳಿಯಲ್ಲಿ ದೋಣಿಗಳಿಗೆ ಎಂಜಿನ್ನು ಕೂರಿಸುವ ಕೆಲಸ ಹಿಡಿದಿದ್ದ. ಹುಡುಕಿಕೊಂಡು ಅಲ್ಲಿಗೂ ಹೋದೆ. ಮೀನಿನ ವಾಸನೆಯ ನಡುವೆ ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿ, "ಬಿಡ್ ಮಾರಾಯ. ನೀ ಬೆಲ್ಟಿಂದ್ ಅಂದಿರೂ ಅದ್ ನಿಂದೇ ಆತಿತ್ತ್," ಎಂದ.

ಅಲ್ಲಿಯವರೆಗೆ ನಾನು ತಪ್ಪು ಯಂತ್ರವನ್ನು ಆರಿಸಿದೆ ಎಂದು ನೊಂದುಕೊಂಡಿದ್ದೆ. ಸರಿಯಾದದ್ದನ್ನು ಆರಿಸಿದ್ದರೂ ಆ ಗೆಲುವು ನನ್ನ ಲೆಕ್ಕಕ್ಕೇ ಬೀಳುತ್ತಿತ್ತು, ಅವನ ಬುದ್ಧಿಗೆ ಅಲ್ಲ. ಅಂದು ಹೇಳಬೇಕಾಗಿದ್ದ ಮಾತು, "ಭಾವನನ್ನು ಕೇಳಿ ಮಾವ," ಎಂಬುದೊಂದೇ. ಬಸ್ಸಿನಲ್ಲಿ ಉಪ್ಪುಂದಕ್ಕೆ ಮರಳುವಾಗ ಅದು ಹೊಳೆಯಿತು. ಹೊಳೆದು ಮಾಡುವುದೇನು?

ವಯಸ್ಸು ಎಪ್ಪತ್ತು ದಾಟಿದ ಮೇಲೆ ಮಾವ ತೀರಿಕೊಂಡರು. ಹಾಸಿಗೆ ಹಿಡಿದಾಗಲೇ ಕಾರಿನ ಕೀಲಿಯನ್ನು ದಿಂಬಿನಡಿಯಿಂದ ತೆಗೆದು ನನ್ನ ಕೈಗೆ ಕೊಟ್ಟಿದ್ದರು. ಭಾವ ಆಗ ಅವರ ಕಾಲು ಒತ್ತುತ್ತಿದ್ದ. ಉತ್ತರಕ್ರಿಯೆಯ ದಿನ ಹಿರಿಯರು ನನ್ನ ತಲೆಗೆ ಮುಂಡಾಸು ಸುತ್ತಿ ಯಜಮಾನನನ್ನಾಗಿ ಮಾಡಿದರು. ಊಟಕ್ಕೆ ಭಾವ ನೆಂಟರ ಸಾಲಿನಲ್ಲಿ ಕೂತ. ನನಗೆ ಒಂದು ತುತ್ತೂ ಇಳಿಯಲಿಲ್ಲ, ದುಃಖಕ್ಕೆ ಎಂದು ಎಲ್ಲರೂ ತಿಳಿದುಕೊಂಡರು.

ಮರುವಾರ ಅಟ್ಟದಿಂದ ಸೂಪರ್‌ಚಾರ್ಜರಿನ ಆ ಗೋಣಿಗಂಟನ್ನು ಇಳಿಸಿ ಪಕ್ಕದ ಸೀಟಿನಲ್ಲಿಟ್ಟುಕೊಂಡು, ಕಾರನ್ನು ನಾನೇ ಓಡಿಸಿಕೊಂಡು ಬ್ರಹ್ಮಾವರಕ್ಕೆ ಹೋದೆ. ಅತ್ತೆ ಹೊರಗೆ ಬಂದವರು ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, ಜಗಲಿಯ ಕುರ್ಚಿಯನ್ನು ಒರೆಸಿ ಮುಂದೆ ಎಳೆದಿಟ್ಟರು. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡುತ್ತಿದ್ದ ಅತ್ತೆ. ನಾನು ಕೂರಲಿಲ್ಲ. ಕೀಲಿಯನ್ನು ಒಳಗಿನಿಂದ ಬಂದ ಭಾವನ ಮುಂದೆ ಹಿಡಿದೆ.

"ಕಾರ್ ನಿಂದ್ ಭಾವ. ಮೊದ್ಲಿಂದ್ಲೂ ನಿಂದೇ."

ಅವನು ಕೀಲಿಯನ್ನು ನೋಡಿದ, ತೆಗೆದುಕೊಳ್ಳಲಿಲ್ಲ. "ಅಪ್ಪಯ್ಯ ಕೊಟ್ಟದ್ದ್ ನಿಂಗೆ. ನಿಮ್ಮನಿ ಕಾರ್ ಅದ್. ನಾ ತಕಂಬುಕೆ ಆತಿಲ್ಲೆ," ಎಂದ. ಎಷ್ಟು ಹೇಳಿದರೂ ಅಷ್ಟೇ. ಕೊನೆಗೆ ಸೋತು, ಗೋಣಿಗಂಟನ್ನಾದರೂ ನೋಡು ಎಂದೆ. ಇಷ್ಟು ಮಳೆಗಾಲ ಅಟ್ಟದಲ್ಲಿ ಬಿದ್ದದ್ದು, ತುಕ್ಕು ಹಿಡಿದು ಹೋಗಿರುತ್ತದೆ ಎಂದೂ ಸೇರಿಸಿದೆ. ಅವನು ಕೂತು ಗೋಣಿ ಬಿಚ್ಚಿದ. ಒಳಗೆ ಎಣ್ಣೆ ಬಟ್ಟೆಯ ಸುತ್ತು. ಬೆಲ್ಟು ಸುತ್ತುವ ಪುಲ್ಲಿಯನ್ನು ಬೆರಳಿನಿಂದ ಮೆಲ್ಲಗೆ ನೂಕಿದ, ಅದು ಸದ್ದಿಲ್ಲದೆ ಗಿರ್ರನೆ ತಿರುಗಿತು. ಅವನು ಮಳೆಗಾಲದ ಮೊದಲು ಬಂದು ಕೊಟ್ಟಿಗೆಯಲ್ಲಿ ಏನು ಮಾಡುತ್ತಿದ್ದ ಎಂದು ಆಗ ತಿಳಿಯಿತು. ಅಂದು ಮಾಡಿ ತಂದಿದ್ದ ಕಬ್ಬಿಣದ ಪಟ್ಟಿಗಳೂ ಅದರ ಜೊತೆಗೇ ಇದ್ದವು, ಒಂದಕ್ಕೂ ತುಕ್ಕಿರಲಿಲ್ಲ.

"ಕೂರ್ಸಿ ಕೊಡ್ತೆ," ಎಂದ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಕಣ್ಣಿನಲ್ಲಿ ಆ ಹಳೆಯ ಕೊಟ್ಟಿಗೆಯ ಹುರುಪು ಕಂಡಿತು. ಅವನು ಒಳಗಿನಿಂದ ಸ್ಪ್ಯಾನರಿನ ಪೆಟ್ಟಿಗೆ ತಂದ, ಬಾನೆಟ್ಟು ಎತ್ತಿದ. ಕಾರಲ್ಲದಿದ್ದರೆ ಬೇಡ, ಇದಾದರೂ ಅವನ ಇಷ್ಟದಂತೆ ಆಗಲಿ ಎಂದುಕೊಂಡೆ.

ಅವನು ಸೂಪರ್‌ಚಾರ್ಜರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಎಂಜಿನ್ನಿನ ಕಡೆ ಹೋಗುವವನು ಹೋಗದೆ, ನನ್ನೆದುರು ಬಂದು ನಿಂತು ಅದನ್ನು ಮುಂದೆ ಹಿಡಿದ.

"ಮುಟ್ಟಿ ಕೊಡ್."

"ನೀನೇ ಮುಟ್ಟ್ ಭಾವ," ಎಂದೆ.

"ನಂಗದ್ ಅಭ್ಯಾಸ ಇಲ್ಲೆ," ಎಂದ. ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ಬೆಸುಗೆಯ ಆ ಬೊಬ್ಬೆಯ ಕಲೆ ಅವನ ಮುಂಗೈಯಲ್ಲಿ ಹಾಗೇ ಇತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಮುಟ್ಟಿದೆ. ನಾನು ಮುಟ್ಟಿದ ಮೇಲೆಯೇ ಅವನು ಸ್ಪ್ಯಾನರು ಕೈಗೆ ತೆಗೆದುಕೊಂಡ.